ಮನೆಮಾತು: ಬೇಲಿಯೇ ಎದ್ದು ಹೊಲ ಮೇಯ್ದಾಗ



ಈ ಸಲ ಒಲೆಯ ಮುಂದಿನಿಂದ ಸ್ವಲ್ಪ ಆಚೆ ಬಂದು ಕೂತ್ಕೊಳ್ಳಿ. ಒಂದು ಕಾಯಿಲೆಯ ಮಾತು ಹೇಳಬೇಕಾಗಿದೆ. ಹೆದರಬೇಡಿ, ಕೊನೆಗೆ ಒಂದು ಚಟ್ನಿಯನ್ನೂ ಹೇಳಿಕೊಡುತ್ತೇನೆ. ಆದರೆ ಚಟ್ನಿ ಓದಿ ಪುಟ ಮಡಚಬೇಡಿ, ಮೊದಲು ಈ ಮಾತು ಕೇಳಿ.

ನಮ್ಮದು ಚಳ್ಳಕೆರೆ. ನನ್ನ ನಾದಿನಿಯನ್ನು ಮೊಳಕಾಲ್ಮುರಿಗೆ ಕೊಟ್ಟಿದ್ದೇವೆ. ರೇಷ್ಮೆ ಸೀರೆ ನೇಯುವ ಮನೆ. ಗಂಡ ಹೆಂಡತಿ ಇಬ್ಬರೂ ಮಗ್ಗದ ಕೆಲಸದವರು. ಮೂರು ವರ್ಷದ ಹಿಂದೆ ಗೌರಿಹಬ್ಬಕ್ಕೆ ಅವಳು ತವರಿಗೆ ಬಂದಿದ್ದಳು. ಬಳೆಗಾರ ಮನೆಗೆ ಬಂದು ಹಸಿರು ಗಾಜಿನ ಬಳೆ ತೊಡಿಸಿಹೋದ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅವಳ ಎರಡು ಮುಂಗೈಯೂ ನೇರಳೆಹಣ್ಣು ಹಿಂಡಿದ ಹಾಗೆ! ಸೀರೆ ಸ್ವಲ್ಪ ಮೇಲೆತ್ತಿದಾಗ ಮೊಣಕಾಲ ಕೆಳಗೂ ಅಂಥದೇ ನೀಲಿ ಗುರುತುಗಳು. ಕೇಳಿದರೆ, "ಮಗ್ಗದ ಗುಂಡೀಲಿ ಕಾಲು ತಾಗಿರಬೇಕು ಅತ್ತಿಗೆ" ಅಂದಳು.

ನಾನು ನಂಬಲಿಲ್ಲ. ನನ್ನ ತಲೆಗೆ ಬಂದದ್ದು ಬೇರೆಯೇ ಮಾತು. ಹೆಣ್ಣಿನ ಮೈಮೇಲೆ ನೀಲಿ ಗುರುತು ಕಂಡರೆ ನಿಮಗೂ ಅದೇ ಅನಿಸುತ್ತಿತ್ತಲ್ಲವೇ? ಹಬ್ಬ ಮುಗಿದು ಕರೆದೊಯ್ಯಲು ಬಂದ ಅವಳ ಗಂಡ, ವರಸೆಯಲ್ಲಿ ನನಗೆ ಅಣ್ಣ ಆಗಬೇಕು, ಅವರನ್ನು ಅಂಗಳದಲ್ಲೇ ನಿಲ್ಲಿಸಿ ಆಡಬಾರದ ಮಾತು ಆಡಿಬಿಟ್ಟೆ. ಆ ಮನುಷ್ಯ ತಲೆ ತಗ್ಗಿಸಿ ನಿಂತರೇ ಹೊರತು ಎದುರು ಮಾತಾಡಲಿಲ್ಲ. ಒಳಗಿನಿಂದ ಓಡಿಬಂದ ನಾದಿನಿ, "ನಿಮ್ಮಾಣೆಗೂ ಅವರು ಕೈ ಎತ್ತಿಲ್ಲ ಅತ್ತಿಗೆ" ಎಂದು ಅತ್ತಳು. ಆಗಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಅವಳು ಹೇಳದೆ ಮುಚ್ಚಿಟ್ಟ ಸಂಗತಿಗಳು ಆಮೇಲೆ ಒಂದೊಂದಾಗಿ ಹೊರಬಂದವು. ನಾಲ್ಕು ತಿಂಗಳಿಂದ ಮುಟ್ಟು ಹತ್ತು ಹನ್ನೆರಡು ದಿನ ಹೋಗುತ್ತಿತ್ತಂತೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಪಾದದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಸುಸ್ತು, ಮೈಕೈ ನೋವು ಅಂತ ಒಂದು ಸಣ್ಣ ದವಾಖಾನೆಗೆ ಹೋದರೆ ಅಲ್ಲಿ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸಿದ್ದರು. ಚುಚ್ಚಿದ ಜಾಗ ನಿಂಬೆಗಾತ್ರ ಊದಿ ಕಪ್ಪಾಗಿತ್ತು. ರಕ್ತ ಪರೀಕ್ಷೆ ಮಾತ್ರ ಯಾರೂ ಮಾಡಿಸಿರಲಿಲ್ಲ. ಕೊನೆಗೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಮಾಡಿಸಿದಾಗ ಪ್ಲೇಟ್‌ಲೆಟ್ ಎಣಿಕೆ ಬರೀ 9 ಸಾವಿರ!

ಪ್ಲೇಟ್‌ಲೆಟ್ ಅಂದರೆ ಏನು ಅಂತ ಈಗ ನಮ್ಮ ಕಡೆ ಮಕ್ಕಳಿಗೂ ಗೊತ್ತು, ಡೆಂಗ್ಯೂ ಜ್ವರದ ಪ್ರಸಾದ ಅದು. ರಕ್ತ ಸೋರದಂತೆ ತೂತು ಮುಚ್ಚುವ ಪುಟ್ಟ ಕಣಗಳು. ಆರೋಗ್ಯವಂತರ ರಕ್ತದಲ್ಲಿ, ಲ್ಯಾಬಿನವರ ಅಳತೆಯಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಒಂದೊಂದು ಕಣದ ಆಯುಸ್ಸು ಎಂಟು ಹತ್ತು ದಿನ. ಹಳೆಯದು ಹೋಗುತ್ತದೆ, ಮೂಳೆಯೊಳಗಿನ ಮಜ್ಜೆಯಲ್ಲಿ ಹೊಸದು ಹುಟ್ಟುತ್ತದೆ.

"ಜ್ವರವೇ ಬಂದಿಲ್ಲ, ಡೆಂಗ್ಯೂ ಹೇಗೆ ಡಾಕ್ಟ್ರೇ?" ಅಂದೆ. "ಇದು ಡೆಂಗ್ಯೂ ಅಲ್ಲಮ್ಮ. ಇವಳ ಮೈಯ ಕಾವಲಿನವರೇ ಇವಳ ಪ್ಲೇಟ್‌ಲೆಟ್ ತಿಂದುಹಾಕ್ತಿದ್ದಾರೆ" ಅಂದರು. ಕಾಯಿಲೆಯ ಹೆಸರು ಐಟಿಪಿ. ನನಗೆ ತಕ್ಷಣ ನೆನಪಾದದ್ದು ನಮ್ಮ ಗಾದೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇದು ಹೇಗೆ ಆಗುತ್ತದೆ ನೋಡಿ. ಹೊರಗಿನ ರೋಗಾಣು ಒಳಗೆ ಬಂದರೆ ಅದಕ್ಕೆ ಅಂಟಿಕೊಳ್ಳಲು ನಮ್ಮ ರಕ್ತದ ಬಿ ಕಣಗಳು ಪ್ರತಿಕಾಯ ಎಂಬ ವಸ್ತು ತಯಾರಿಸುತ್ತವೆ. ಸಂತೆಯಲ್ಲಿ ಕುರಿಗೆ ಬಣ್ಣ ಹಚ್ಚಿ ಗುರುತು ಮಾಡುವುದಿಲ್ಲವೇ, ಹಾಗೆ. ಗುರುತು ಹತ್ತಿದ್ದನ್ನು ಕಬಳಿಸುವ ಕಣಗಳು ಬೇರೆ ಇವೆ, ಹೊಟ್ಟೆಯ ಎಡಗಡೆ ಇರುವ ಗುಲ್ಮದಲ್ಲಿ ಅವು ಬಹಳ. ಐಟಿಪಿಯಲ್ಲಿ ಪ್ರತಿಕಾಯ ತಪ್ಪಿ ನಮ್ಮದೇ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತದೆ. ಕಬಳಿಸುವ ಕಣಕ್ಕೆ ಒಳಗಿನವರು ಹೊರಗಿನವರು ಅನ್ನೋ ಭೇದ ಗೊತ್ತಿಲ್ಲ. ಗುರುತು ಕಂಡರೆ ನುಂಗುತ್ತದೆ.

ಇದನ್ನು ಕಂಡುಹಿಡಿದ ಕಥೆ ಕೇಳಿದರೆ ಮೈ ಜುಂ ಅನ್ನುತ್ತೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ತರುಣ ವೈದ್ಯ ಈ ಕಾಯಿಲೆಯವರ ರಕ್ತವನ್ನು ತನ್ನ ಮೈಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ನೆಲ ಕಚ್ಚಿತು, ಮೈಮೇಲೆ ಚುಕ್ಕೆ ಎದ್ದವು. ಸುಮಾರು ಒಂದು ವಾರಕ್ಕೆ ಚೇತರಿಸಿಕೊಂಡ. ಹುಟ್ಟಿಸುವ ಮಜ್ಜೆಯಲ್ಲಿ ದೋಷವಿಲ್ಲ, ರಕ್ತದಲ್ಲಿರುವ ಏನೋ ಒಂದು ಪ್ಲೇಟ್‌ಲೆಟ್ ನಾಶಮಾಡುತ್ತಿದೆ ಎಂಬುದು ಹೀಗೆ ತಿಳಿಯಿತು.

ಚಿಕಿತ್ಸೆಯ ವಿಷಯ. ಮೊದಲು ಕೊಡುವುದು ಸ್ಟೀರಾಯ್ಡ್ ಮಾತ್ರೆ, ಕಾವಲಿನವರ ಆವೇಶ ಇಳಿಸಲಿಕ್ಕೆ. ನಾದಿನಿಗೆ ಎರಡೇ ವಾರದಲ್ಲಿ ಎಣಿಕೆ ಲಕ್ಷ ದಾಟಿತು. ಆದರೆ ಮುಖ ಹುಣ್ಣಿಮೆ ಚಂದ್ರನ ಹಾಗೆ ಊದಿಕೊಂಡಿತು. "ಮೈ ತುಂಬಿಕೊಂಡಿದ್ದೀಯಲ್ಲೇ" ಅಂತ ಓಣಿಯವರ ಮಾತು. ಯಾರೋ "ಆ ಮಾತ್ರೆ ಕೆಟ್ಟದ್ದು ಕಣೇ, ಬಿಡು" ಅಂದರು, ಇವಳು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟಳು. ತಿಂಗಳೊಳಗೆ ಮತ್ತೆ ಚುಕ್ಕೆ. ಸೋದರಿಯರೇ, ಸ್ಟೀರಾಯ್ಡನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಡಾಕ್ಟರೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಗುಲ್ಮವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ 1916ರಷ್ಟು ಹಳೆಯದು. ಪ್ರಾಗ್ ನಗರದ ಪಾಲ್ ಕಾಜ್ನೆಲ್ಸನ್ ಎಂಬ ವೈದ್ಯ ವಿದ್ಯಾರ್ಥಿ ಕೊಟ್ಟ ಸಲಹೆ ಅದು. ಸುಮಾರು ಮೂವರಲ್ಲಿ ಇಬ್ಬರಿಗೆ ಗುಣ ಕೊಡುತ್ತದೆ, ಆದರೆ ಗುಲ್ಮ ಹೋದಮೇಲೆ ಕೆಲವು ಸೋಂಕುಗಳ ಭಯ ಜೀವನಪೂರ್ತಿ. ಮಜ್ಜೆಗೆ "ಇನ್ನಷ್ಟು ಹುಟ್ಟಿಸು" ಎಂದು ಹೇಳುವ ಎಲ್ಟ್ರೊಂಬೊಪ್ಯಾಗ್ ಮಾತ್ರೆಯೂ ಇದೆ. ನಾದಿನಿ ಈಗ ಅದರ ಮೇಲಿದ್ದಾಳೆ.

ಇನ್ನು ಹೊಸ ಮಾತು. ನಮ್ಮ ಬೀದಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಬ್ಬರಿದ್ದಾರೆ. ನಮ್ಮೂರ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇದೆಯಲ್ಲ, ಅಲ್ಲಿ ಶಿಕ್ಷಕರಿಗೆ ಕೊಡುವ ತರಬೇತಿಗೆ ಹೋಗಿಬಂದವರು. ಎಸ್ಸೆಸ್ಸೆಲ್ಸಿ ಓದಿದ ನನಗೂ ಅರ್ಥವಾಗುವ ಹಾಗೆ ಹೇಳಿದರು. "ಬಾಗಿಲ ಹೊರಗೆ ಕರೆಗಂಟೆಯ ಗುಂಡಿ ಇರುತ್ತಲ್ಲಮ್ಮ, ಒತ್ತಿದರೆ ಒಳಗೆ ಗಂಟೆ ಬಾರಿಸುತ್ತೆ. ನಡುವೆ ಏನಿದೆ?" "ವೈರು" ಅಂದೆ. "ಅಷ್ಟೇ. ಕಣದ ಮೈಮೇಲೂ ಅಂಥ ಗುಂಡಿಗಳಿವೆ, ಗ್ರಾಹಕ ಅಂತ ಹೆಸರು. ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್ ಬಂದು ಗುಂಡಿ ಒತ್ತುತ್ತೆ. ಒಳಗಿನ ವೈರಿನಲ್ಲಿ ಸುದ್ದಿ ಹೋಗುತ್ತೆ, ಕಣ ನುಂಗುತ್ತೆ. ಈಗಿನ ಹೊಸ ಔಷಧಿಗಳು ಈ ವೈರನ್ನೇ ತಡೆಯುತ್ತವೆ. ಗುಂಡಿ ಎಷ್ಟು ಒತ್ತಿದರೂ ಗಂಟೆ ಬಾರಿಸೋದಿಲ್ಲ."

ಆ ವೈರಿನಲ್ಲಿ ಎರಡು ಮುಖ್ಯ ಜೋಡಣೆಗಳಿವೆಯಂತೆ. ಒಂದರ ಹೆಸರು ಸಿಕ್. ಅದನ್ನು ತಡೆಯುವ ಫೋಸ್ಟಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದು ಬಿಟಿಕೆ. ಇದರ ಹಿಂದೆ ಒಂದು ಮಗುವಿನ ಕಥೆ ಇದೆ.

1952ರಲ್ಲಿ ಆಗ್ಡೆನ್ ಬ್ರೂಟನ್ ಎಂಬ ಅಮೆರಿಕದ ಸೈನ್ಯದ ವೈದ್ಯರು ಎಂಟು ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ಪಾಪ, ಆ ಮಗುವಿಗೆ ಮೇಲಿಂದ ಮೇಲೆ ಸೋಂಕು. ಪರೀಕ್ಷೆ ಮಾಡಿದರೆ ರಕ್ತದಲ್ಲಿ ಪ್ರತಿಕಾಯವೇ ಇಲ್ಲ! ಅಂಥ ಮಕ್ಕಳಲ್ಲಿ ಕೆಟ್ಟಿರುವುದು ಯಾವ ವಂಶವಾಹಿ ಎಂದು 1993ರಲ್ಲಿ ಗೊತ್ತಾಯಿತು. ಅದು ತಯಾರಿಸಬೇಕಾದ ವಸ್ತುವಿಗೆ ಆ ವೈದ್ಯರ ಹೆಸರನ್ನೇ ಸೇರಿಸಿದರು, ಬಿಟಿಕೆಯ ಮೊದಲಕ್ಷರ ಬ್ರೂಟನ್. ಈಗ ಯೋಚಿಸಿ: ಬಿಟಿಕೆ ಇಲ್ಲದ ಮಗುವಿನಲ್ಲಿ ಪ್ರತಿಕಾಯ ಹುಟ್ಟುವುದೇ ಇಲ್ಲ ಎಂದರೆ, ಪ್ರತಿಕಾಯ ಹಾದಿ ತಪ್ಪಿದವರಲ್ಲಿ ಬಿಟಿಕೆಯನ್ನು ಸ್ವಲ್ಪ ತಡೆದರೆ? ಒಬ್ಬರ ಕೊರತೆ ಇನ್ನೊಬ್ಬರ ಮದ್ದಿಗೆ ದಾರಿ ತೋರಿಸಿತು. ಬಿಟಿಕೆ ಪ್ರತಿಕಾಯ ತಯಾರಿಸುವ ಬಿ ಕಣದಲ್ಲೂ ಇದೆ, ನುಂಗುವ ಕಣದಲ್ಲೂ ಇದೆ. ಹಾಗಾಗಿ ತಡೆದರೆ ಎರಡು ಕಡೆಯೂ ಹಿಡಿತ.

ರಿಲ್ಜಾಬ್ರೂಟಿನಿಬ್ ಎಂಬ ಅಂಥ ಮಾತ್ರೆಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಬಂತು. ಐಟಿಪಿ ಇದ್ದು, ಬೇರೆ ಚಿಕಿತ್ಸೆ ಸಾಲದೇ ಹೋದ ದೊಡ್ಡವರಿಗೆ ಮಾತ್ರ. ಪರೀಕ್ಷೆಯಲ್ಲಿ 133 ಜನಕ್ಕೆ ಮಾತ್ರೆ, 69 ಜನಕ್ಕೆ ಮದ್ದಿಲ್ಲದ ಹುಸಿಮಾತ್ರೆ ಕೊಟ್ಟರು. ಎಣಿಕೆ ಏರಿ ವಾರಗಟ್ಟಲೆ ನಿಂತದ್ದು ಮಾತ್ರೆ ತಿಂದವರಲ್ಲಿ ನೂರಕ್ಕೆ 23 ಮಂದಿಗೆ, ಹುಸಿಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಎನ್ನುವುದಕ್ಕೂ ತುಸು ಕಡಿಮೆ. ಇದು ಸಂಜೀವಿನಿ ಅಲ್ಲ. ಎಲ್ಲ ದಾರಿಯೂ ಮುಚ್ಚಿದವರಿಗೆ ಇನ್ನೊಂದು ಬಾಗಿಲು, ಅಷ್ಟೇ. ಕಾವಲಿನವರನ್ನು ತಡೆದಾಗ ಸೋಂಕಿನ ಭಯ ಇದ್ದೇ ಇದೆ. ಯಕೃತ್ತಿನ ಮೇಲೆ ಕಣ್ಣಿಡಬೇಕು, ಬಸುರಿಯರಿಗೆ ಸಲ್ಲದು. ಆದ್ದರಿಂದ ಹೆಸರು ಓದಿದ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ರಕ್ತರೋಗದ ತಜ್ಞರನ್ನು ಕಂಡಾಗ, "ವೈರು ತಡೆಯುವ ಮಾತ್ರೆ ನಮಗೆ ಹೊಂದುತ್ತದೆಯೇ?" ಎಂದು ಕೇಳುವಷ್ಟು ಧೈರ್ಯ ನಿಮಗೆ ಬರಲಿ ಎಂದೇ ಇಷ್ಟು ಬರೆದೆ.

ಈಗ ಮನೆಯಲ್ಲಿ ನೆನಪಿಡಬೇಕಾದ ನಾಲ್ಕು ಮಾತು.

1. ಕೆಂಪು ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಬೆವರುಸಾಲೆಯಂಥದು ಒತ್ತಿದರೆ ಮಾಸುತ್ತದೆ. ಚರ್ಮದೊಳಗೆ ರಕ್ತ ಸೋರಿದ ಚುಕ್ಕೆ ಮಾಸುವುದಿಲ್ಲ. ಮಾಸದಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.

2. ಮುಟ್ಟು ವಾರ ದಾಟಿ ಹೋಗುತ್ತಿದ್ದರೆ "ಹೆಂಗಸರಿಗೆ ಇದ್ದದ್ದೇ" ಎಂದು ನುಂಗಿಕೊಳ್ಳಬೇಡಿ. ತಾಯಿಗೆ, ಅತ್ತಿಗೆಗೆ, ಯಾರಿಗಾದರೂ ಹೇಳಿ.

3. ಪ್ಲೇಟ್‌ಲೆಟ್ ಕಡಿಮೆ ಇದ್ದವರು ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ತಿನ್ನಲೇಬಾರದು. ಜೋರು ತಲೆನೋವು, ವಾಂತಿ, ಕಪ್ಪು ಮಲ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

4. ಡೆಂಗ್ಯೂ ಗುಣವಾದಂತೆ ಪ್ಲೇಟ್‌ಲೆಟ್ ತಾನೇ ಏರುತ್ತದೆ, ನಾವು ಪರಂಗಿ ಎಲೆಯ ರಸಕ್ಕೆ ಹೆಸರು ಕೊಡುತ್ತೇವೆ. ಐಟಿಪಿಯಲ್ಲಿ ಆ ರಸ ನೆಚ್ಚಿ ದಿನ ಕಳೆಯಬೇಡಿ. ಇದು ಅಂಟುರೋಗವೂ ಅಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಮಕ್ಕಳಿಗೆ ಬಂದರೆ ಬಹುಪಾಲು ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ, ಆದರೂ ಡಾಕ್ಟರ ಕಣ್ಣಿನಲ್ಲಿರಲಿ.

ನಾದಿನಿಯ ಎಣಿಕೆ ಈಗ 60-70 ಸಾವಿರದಲ್ಲಿ ನಿಂತಿದೆ. "ಲಕ್ಷ ಮುಟ್ಟಲೇಬೇಕು ಅಂತ ಹಟ ಬೇಡ, ರಕ್ತ ಸೋರದಿದ್ದರೆ ಸಾಕು" ಅನ್ನುತ್ತಾರೆ ಡಾಕ್ಟರು. ಮಗ್ಗಕ್ಕೆ ಮತ್ತೆ ಕೂತಿದ್ದಾಳೆ. ಗಂಡ ಗುಂಡಿಯ ಅಂಚಿಗೆಲ್ಲ ಹಳೇ ಕಂಬಳಿ ಸುತ್ತಿಕೊಟ್ಟಿದ್ದಾರೆ, ಕಾಲಿಗೆ ತಾಗದಿರಲಿ ಅಂತ. ಅದನ್ನು ನೋಡಿದ ದಿನ ನನಗೆ ನಾಚಿಕೆಯಾಯಿತು. "ಅಣ್ಣಾ, ಅವತ್ತು ಅಂದದ್ದು ಮನಸ್ಸಿನಲ್ಲಿ ಇಟ್ಟುಕೋಬೇಡಿ" ಅಂದೆ. "ತಂಗಿ, ನೀನು ಅವಳಿಗಾಗಿ ತಾನೇ ಅಂದದ್ದು" ಅಂದರು. ಅಷ್ಟೇ.

ಆದರೂ ಒಂದು ಮಾತು. ನೀಲಿ ಗುರುತು ಎಲ್ಲವೂ ಕಾಯಿಲೆಯೇ ಅಂತಲೂ ತಿಳಿಯಬೇಡಿ. ಹೊಡೆತ ತಿಂದು ಮಗ್ಗದ ಮೇಲೆ, ಮೆಟ್ಟಿಲ ಮೇಲೆ ಹೇಳುವ ಹೆಣ್ಣುಮಕ್ಕಳೂ ನಮ್ಮ ನಡುವೆ ಇದ್ದಾರೆ. ಗುರುತು ಕಂಡರೆ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳಿ, ರಕ್ತ ಪರೀಕ್ಷೆಗೂ ಕರೆದುಕೊಂಡು ಹೋಗಿ. ಎರಡನ್ನೂ ಮಾಡಿ. ನಾನು ಒಂದನ್ನೂ ಸರಿಯಾಗಿ ಮಾಡಲಿಲ್ಲ.

ಇನ್ನು ಚಟ್ನಿ. ಸ್ಟೀರಾಯ್ಡ್ ತಿನ್ನುವವರಿಗೆ ಉಪ್ಪು, ಸಕ್ಕರೆ ಕಡಿಮೆ ಇರಬೇಕು. ರಾಗಿ, ಹಾಲು, ಸೊಪ್ಪು ಚೆನ್ನಾಗಿ ಇರಲಿ. ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅಂತ ನಾದಿನಿ ಅತ್ತಾಗ ನಾನು ಮಾಡಿದ್ದು ಇದು. ಒಂದು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ ಬಾಡಿಸಿ. ಒಂದು ಹಿಡಿ ಕೊತ್ತಂಬರಿ, ಅರ್ಧ ಚಮಚ ಜೀರಿಗೆ ಸೇರಿಸಿ ತರಿತರಿಯಾಗಿ ರುಬ್ಬಿ. ಉಪ್ಪು ಚಿಟಿಕೆಯಷ್ಟೇ. ಮೇಲೆ ಒಂದು ಇಡೀ ನಿಂಬೆಹಣ್ಣು ಹಿಂಡಿ. ಹುಳಿ ಮುಂದಾದಾಗ ಉಪ್ಪಿನ ಕೊರತೆ ನಾಲಿಗೆಗೆ ಗೊತ್ತಾಗುವುದಿಲ್ಲ. ಬಿಸಿ ರಾಗಿಮುದ್ದೆಗೆ ಹಚ್ಚಿಕೊಂಡು ತಿನ್ನಿ. ಮನೆಮಂದಿಯೆಲ್ಲ ಅದನ್ನೇ ತಿಂದರೆ ಕಾಯಿಲೆಯವರಿಗೆ ತಾವು ಬೇರೆ ಅನಿಸುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಇವತ್ತು ಸ್ನಾನಕ್ಕೆ ಹೋದಾಗ ನಿಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳಿ.

ನಿಮ್ಮ ಅಕ್ಕ