ಚಕ್ರ ಹೊಳೆಯಿತು, ಧೂಳು ಎಲ್ಲಿ ಹೋಯಿತು?

ಎಣ್ಣೂರಿನ ಕಾಮರಾಜರ್ ಬಂದರಿನಲ್ಲಿ ಹಡಗು ಹತ್ತಲು ಸಾಲಾಗಿ ಕಾಯುವ ಹೊಸ ಕಾರುಗಳನ್ನು ಮೊದಲು ಮುಟ್ಟುವುದು ಉಪ್ಪುಗಾಳಿ. ಬ್ರೇಕ್ ಡಿಸ್ಕು ಎರಕದ ಕಬ್ಬಿಣದ್ದು. ಪ್ಯಾಡು ಉಜ್ಜುವ ಜಾಗಕ್ಕೆ ಬಣ್ಣ ಹೊಡೆಯುವಂತಿಲ್ಲ. ಸಮುದ್ರದ ಪಕ್ಕ ಒಂದು ರಾತ್ರಿ ನಿಂತರೆ ಸಾಕು, ಅದರ ಮೇಲೆ ತುಕ್ಕಿನ ತೆಳುವಾದ ಕೆಂಪು ಪದರ ಕೂತಿರುತ್ತದೆ. ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ಒಂದಿಷ್ಟು ಅಲಾಯ್ ವೀಲಿಗೆ ಅಂಟುತ್ತದೆ, ಮಿಕ್ಕಿದ್ದು ರಸ್ತೆಗೂ ಗಾಳಿಗೂ ಸೇರುತ್ತದೆ.

ಚೆನ್ನೈನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಆಕ್ಟೇವಿಯಾ ಆರ್‌ಎಸ್, ಪೋಲೊ ಜಿಟಿಐ, ಬಿಎಂಡಬ್ಲ್ಯು ತರಹದ ವೇಗದ ಕಾರು ಇಟ್ಟುಕೊಂಡವರ ದೂರು ಒಂದೇ: ಭಾನುವಾರ ತೊಳೆದ ಚಕ್ರ ಬುಧವಾರಕ್ಕೆ ಕಪ್ಪು. ಪ್ಯಾಡು ಸವೆದಾಗ ಗ್ಯಾರೇಜಿನಲ್ಲಿ ಅವರು ಕೇಳುವ ಮೊದಲ ಪ್ರಶ್ನೆಯೂ ಒಂದೇ: "ಧೂಳು ಕಮ್ಮಿ ಇರೋ ಪ್ಯಾಡ್ ಇದೆಯಾ?" ಕೇಳುವುದರಲ್ಲಿ ತಪ್ಪಿಲ್ಲ. ಅದನ್ನು ಮೊದಲ ಪ್ರಶ್ನೆಯಾಗಿ ಕೇಳುವುದು ತಪ್ಪು.

ಯುರೋಪಿನ ಕಾರುಗಳ ಚಕ್ರ ಬೇಗ ಕಪ್ಪಾಗುವುದಕ್ಕೆ ಕಾರಣವಿದೆ. ಜರ್ಮನಿಯ ಹೆದ್ದಾರಿಯಲ್ಲಿ ಇನ್ನೂರರ ವೇಗದಿಂದ ನಿಲ್ಲಿಸಬೇಕಾದ ಕಾರಿಗೆ ಅಲ್ಲಿನವರು ಉಕ್ಕಿನ ನಾರು, ಲೋಹದ ಪುಡಿ ಬೆರೆಸಿದ ಪ್ಯಾಡು ಕೊಡುತ್ತಾರೆ. ಅದು ಡಿಸ್ಕನ್ನು ಕೆರೆದು ಹಿಡಿಯುತ್ತದೆ. ಹಿಡಿತ ಗಟ್ಟಿ, ಬಿಸಿಯಲ್ಲೂ ಬಿಡುವುದಿಲ್ಲ. ಆದರೆ ತಾನೂ ಸವೆಯುತ್ತದೆ, ಡಿಸ್ಕನ್ನೂ ಸವೆಸುತ್ತದೆ. ಚಕ್ರದ ಮೇಲಿನ ಕಪ್ಪಿನಲ್ಲಿ ದೊಡ್ಡ ಪಾಲು ಕಬ್ಬಿಣವೇ. ಜಪಾನ್, ಅಮೆರಿಕದ ಮಾರುಕಟ್ಟೆಗಳು ಹಿಡಿದ ದಾರಿ ಬೇರೆ. ಅಲ್ಲಿ ಸೆರಾಮಿಕ್ ನಾರು, ರಾಳ, ಗ್ರಾಫೈಟ್ ಸೇರಿಸಿದ ಮೆತ್ತನೆಯ ಮಿಶ್ರಣವೇ ಹೆಚ್ಚು. ಅದು ಡಿಸ್ಕಿನ ಮೇಲೆ ತನ್ನದೇ ತೆಳು ಪದರ ಬಿಟ್ಟು, ಆ ಪದರಕ್ಕೆ ಅಂಟಿಕೊಂಡು ಹಿಡಿಯುತ್ತದೆ. ಸದ್ದು ಕಮ್ಮಿ, ಪುಡಿ ಕಮ್ಮಿ. ಬರುವ ಪುಡಿಯೂ ತೆಳು ಬೂದು ಬಣ್ಣದ್ದು, ಚಕ್ರಕ್ಕೆ ಅಷ್ಟಾಗಿ ಅಂಟದು. ಅಂಗಡಿಯಲ್ಲಿ "ಲೋ ಡಸ್ಟ್" ಎಂಬ ಡಬ್ಬಿಯಲ್ಲಿ ಸಿಗುವುದು ಹೆಚ್ಚಾಗಿ ಇದೇ.

ಬ್ರೇಕಿನ ಕೆಲಸ ಎಷ್ಟು ದೊಡ್ಡದೆಂದು ಒಂದು ಲೆಕ್ಕ ಹಾಕಿ ನೋಡಬಹುದು. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲುವಾಗ ಸುಮಾರು 580 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಎರಡು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ ಅದು, ಕೆಲವೇ ಸೆಕೆಂಡುಗಳಲ್ಲಿ, ಬಹುಪಾಲು ಮುಂದಿನ ಎರಡು ಡಿಸ್ಕುಗಳಲ್ಲಿ. ವೇಗ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅಣ್ಣಾ ಸಾಲೈಯ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಕಾರಿಗೆ ಯಾವ ಒಳ್ಳೆಯ ಪ್ಯಾಡಾದರೂ ನಡೆಯುತ್ತದೆ. ಅದೇ ಕಾರು ನಾಲ್ಕು ಜನರನ್ನೂ ಅವರ ಸಾಮಾನನ್ನೂ ಹೊತ್ತು ಎಪ್ಪತ್ತು ತಿರುವುಗಳ ಕೊಲ್ಲಿ ಬೆಟ್ಟ ಇಳಿಯುವಾಗ, ಚಾರ್ಮಾಡಿಯಲ್ಲಿ ಮಳೆಯಲ್ಲಿ ಇಳಿಯುವಾಗ, ಮೆತ್ತನೆಯ ಪ್ಯಾಡಿನ ಹಿಡಿತ ನಡುದಾರಿಯಲ್ಲಿ ಸಡಿಲಾಗಬಹುದು. ಪೆಡಲು ಎಂದಿನಷ್ಟೇ ಗಟ್ಟಿ, ಕಾರು ಮಾತ್ರ ನಿಲ್ಲದು. ಕಾಲು ಒತ್ತಿದ್ದಕ್ಕೆ ಕಾರು ಉತ್ತರ ಕೊಡದ ಆ ಎರಡು ಸೆಕೆಂಡಿನಲ್ಲಿ ಚಕ್ರದ ಹೊಳಪು ಯಾರಿಗೂ ನೆನಪಾಗುವುದಿಲ್ಲ.

ಹಿಡಿತವನ್ನು ಡಬ್ಬಿಯ ಮೇಲಿನ ಚಿತ್ರದಿಂದ ತಿಳಿಯಲಾಗದು, ಪ್ಯಾಡಿನ ಅಂಚಿನಿಂದ ಒಂದು ಮಟ್ಟಿಗೆ ತಿಳಿಯಬಹುದು. ಅನೇಕ ಪ್ಯಾಡುಗಳ ಅಂಚಿನಲ್ಲಿ ಸಂಕೇತದ ಸಾಲೊಂದರ ಕೊನೆಗೆ ಎರಡು ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಕಂಪನಿಯಿಂದ ಬಂದ ಪ್ಯಾಡು 'ಎಫ್‌ಎಫ್' ಇದ್ದು ಹೊಸತು 'ಎಫ್‌ಇ' ಆಗಿದ್ದರೆ, ಬಿಸಿಯಲ್ಲಿ ಅದು ಸೋಲುತ್ತದೆಂದು ಅಂಚೇ ಹೇಳುತ್ತಿದೆ. ಇದಕ್ಕಿಂತ ಭರವಸೆಯ ಗುರುತು 'ಇಸಿಇ ಆರ್90'. ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದೆಂಬ ನಿಯಮ ಅದು. ಅದರಲ್ಲಿ ತೇರ್ಗಡೆಯಾದ, ಧೂಳೂ ಕಮ್ಮಿ ಇರುವ ಪ್ಯಾಡುಗಳಿವೆ. ಊರೊಳಗೇ ಓಡಿಸುತ್ತ, ಎಂದೋ ಒಮ್ಮೆ ಈಸಿಆರ್ ಮೇಲೆ ಮಹಾಬಲಿಪುರಕ್ಕೆ ಹೋಗಿಬರುವವರು ಅಂಥದ್ದನ್ನು ಧೈರ್ಯವಾಗಿ ಕೊಳ್ಳಬಹುದು. ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಕಾರು ಒಯ್ಯುವವರು, ಘಟ್ಟದ ರಸ್ತೆ ಪದೇ ಪದೇ ತುಳಿಯುವವರು ಕಪ್ಪು ಚಕ್ರವನ್ನು ಒಪ್ಪಿಕೊಂಡುಬಿಡುವುದೇ ಲೇಸು. ಮುಂದಿನ ಚಕ್ರಕ್ಕೊಂದು ಜಾತಿ, ಹಿಂದಿನದಕ್ಕೊಂದು ಜಾತಿ ಹಾಕಿಸುವ ಚೌಕಾಸಿಯಂತೂ ಬೇಡ. ಯಾವ ಚಕ್ರ ಮೊದಲು ಬಿಗಿಯಬೇಕೆಂದು ಕಾರು ಮಾಡಿದವರು ಹಾಕಿದ ಲೆಕ್ಕವೇ ಅದರಿಂದ ಕೆಡುತ್ತದೆ.

ಇಷ್ಟು ಕಾರಿನ ಮಾತು. ಧೂಳಿನ ಮಾತು ಇನ್ನೂ ಉಳಿದಿದೆ, ಅದಕ್ಕೆ ಎಣ್ಣೂರಿಗಿಂತ ತಕ್ಕ ಊರಿಲ್ಲ.

ಕಲ್ಲಿದ್ದಲು ಸುಡುವ ಸ್ಥಾವರದ ಬೂದಿ ಹಾರಬಾರದೆಂದು ಅದನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಸಾಗಿಸುತ್ತಾರೆ. ಚಿಮಣಿಯ ಬಾಯಲ್ಲಿ ನೋಡಿದರೆ ಧೂಳು ಕಮ್ಮಿಯೇ. ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದ ಕೊಳವೆಗಳು ಸೋರಿ ಕೊಸಸ್ತಲೈ ನದಿಯ ಅಳಿವೆಯಲ್ಲಿ ಬೂದಿಯ ಕೆಸರು ತುಂಬಿತು. ಮೀನು, ಸಿಗಡಿ ಹಿಡಿದು ಬದುಕುವವರ ನೀರು ಆಳ ಕಳೆದುಕೊಂಡಿತು. ಕೆಸರು ಒಣಗಿದಲ್ಲಿ ಬೂದಿ ಮತ್ತೆ ಹಾರಿತು. ಕಣ್ಣಿಗೆ ಕಾಣದಂತೆ ಮಾಡುವುದು ಬೇರೆ, ಇಲ್ಲದಂತೆ ಮಾಡುವುದು ಬೇರೆ ಎಂಬುದನ್ನು ಇಲ್ಲಿನ ಮೀನುಗಾರರು ಇನ್ನೊಬ್ಬರಿಂದ ಕಲಿಯಬೇಕಿಲ್ಲ.

ಬ್ರೇಕ್ ಪುಡಿಯ ಕಥೆಯೂ ಇದಕ್ಕೆ ದೂರವಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಸೆರಾಮಿಕ್ ಪ್ಯಾಡು ತೂಕದ ಲೆಕ್ಕದಲ್ಲೂ ಸಾಮಾನ್ಯವಾಗಿ ಕಮ್ಮಿ ಪುಡಿ ಬಿಡುತ್ತದೆ. ಆದರೆ ಚಕ್ರಕ್ಕೆ ಅಂಟುವುದು ದಪ್ಪ ಕಣ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಸಣ್ಣ ಕಣ, ಅದು ಚಕ್ರದ ಮೇಲೆ ಕೂರಲು ಕಾಯುವುದಿಲ್ಲ. ಡಿಸ್ಕಿನ ಬಿಸಿ ಒಂದು ಮಿತಿ ದಾಟಿ ಪ್ಯಾಡಿನ ರಾಳ ಸುಡತೊಡಗಿದಾಗ ಇಂಥ ಅತಿಸಣ್ಣ ಕಣಗಳ ಸಂಖ್ಯೆ ಒಮ್ಮೆಗೇ ಏರುತ್ತದೆ. ಅಂದರೆ ವೇಗದ ಕಾರಿಗೆ ಅದರ ಶಕ್ತಿಗೆ ಸಾಲದ ಪ್ಯಾಡು ಹಾಕಿ ಕಾಯಿಸಿದರೆ, ಚಕ್ರ ಬೆಳ್ಳಗಿದ್ದೂ ಗಾಳಿ ಕೆಡಬಹುದು.

ಹಾಗಾಗಿ "ಎಷ್ಟು ಧೂಳು" ಎನ್ನುವುದರ ಜೊತೆಗೆ "ಏನಿದೆ ಧೂಳಿನಲ್ಲಿ" ಎಂದೂ ಕೇಳಬೇಕು. ಪ್ಯಾಡಿನ ತಾಮ್ರ ಮಳೆನೀರಿನೊಡನೆ ಹರಿದು ಮೀನುಗಳಿಗೆ ವಿಷವಾಗುತ್ತದೆಂದು ಕ್ಯಾಲಿಫೋರ್ನಿಯ 2010ರಲ್ಲೇ ಕಾನೂನು ಮಾಡಿ, ತಾಮ್ರವನ್ನು 2021ಕ್ಕೆ ಶೇ. 5ಕ್ಕೂ 2025ಕ್ಕೆ ಶೇ. 0.5ಕ್ಕೂ ಇಳಿಸಲು ಹೇಳಿತು. ಯುರೋಪಿನ ಯುರೋ 7 ನಿಯಮ ಮೊದಲ ಬಾರಿಗೆ ಬ್ರೇಕಿನ ಕಣಗಳಿಗೂ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ. ನಮ್ಮ ಬಿಎಸ್-6ರಲ್ಲಿ ಬ್ರೇಕ್ ಪುಡಿಯ ಸುದ್ದಿಯೇ ಇಲ್ಲ. ದೇಶದ ಬ್ರೇಕ್ ಉದ್ಯಮದ ದೊಡ್ಡ ಹೆಸರುಗಳು ಪಾಡಿ, ಅಂಬತ್ತೂರುಗಳಲ್ಲಿ, ಎಣ್ಣೂರಿನಿಂದ ತುಸು ದೂರದಲ್ಲೇ ಬೇರೂರಿರುವಾಗ, ತಾಮ್ರವಿಲ್ಲದ ಪ್ಯಾಡು ಮಾಡುವ ಜಾಣ್ಮೆ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ಕೇಳುವ ಗಿರಾಕಿ ಕಮ್ಮಿ, ಅಷ್ಟೆ. ಹೊಳೆಯುವ ಚಕ್ರಕ್ಕಾಗಿ ಹೆಚ್ಚು ಹಣ ಕೊಡಲು ಸಿದ್ಧನಿರುವ ಗಿರಾಕಿ ತಾಮ್ರವಿಲ್ಲದ್ದನ್ನೂ ಕಲ್ನಾರಿಲ್ಲದ್ದನ್ನೂ ಕೇಳಲಿ. ಹೆಸರಿಲ್ಲದ ಅಗ್ಗದ ಡಬ್ಬಿಯಲ್ಲಿ ಏನು ತುಂಬಿದ್ದಾರೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಇನ್ನು ಈ ಪುಡಿಯನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವನು ಕಾರಿನ ಯಜಮಾನನಲ್ಲ, ಹಳೆಯ ಪ್ಯಾಡು ಬಿಚ್ಚುವ ಗ್ಯಾರೇಜಿನ ಹುಡುಗ. ಕ್ಯಾಲಿಪರಿನ ಸಂದಿಯಲ್ಲಿ ಕೂತ ಪುಡಿಯನ್ನು ಆತ ಏರ್ ಗನ್ನಿನಿಂದ ಊದುತ್ತಾನೆ. ಕಪ್ಪು ಮೋಡ ಅವನ ಮುಖಕ್ಕೇ ಬರುತ್ತದೆ, ಮೂಗಿಗೆ ಒಂದು ಕರವಸ್ತ್ರವೂ ಇರುವುದಿಲ್ಲ. ಏರ್ ಗನ್ ಬಿಟ್ಟು, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಸಾವಿರಾರು ರೂಪಾಯಿಯ ಪ್ಯಾಡು ಹಾಕಿಸುವವರು ಆ ಹತ್ತು ನಿಮಿಷದ ಕೂಲಿಯನ್ನೂ ಬಿಲ್ಲಿಗೆ ಸೇರಿಸಲು ಹೇಳಬಹುದು.