ಹದಿನೆಂಟು ತುಂಬಿದ ಯತೀಮರಿಗೆ ಯಾರು ಹೊಣೆ?

ಅನಾಥ ಮಕ್ಕಳ ತಲೆ ನೇವರಿಸುವುದರಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ರಮಝಾನ್ ಬಂತೆಂದರೆ ಯತೀಮ್‌ಖಾನಗಳಿಗೆ ಝಕಾತ್ ಹರಿದು ಬರುತ್ತದೆ. ಶಾಲೆ ತೆರೆಯುವಾಗ ಪುಸ್ತಕ, ಸಮವಸ್ತ್ರಗಳು ತಲುಪುತ್ತವೆ. ಅನಾಥರ ಸಂರಕ್ಷಕನಿಗೆ ಸ್ವರ್ಗದಲ್ಲಿ ತನ್ನ ಸಾಮೀಪ್ಯವಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಆ ಮಗುವಿಗೆ 18 ತುಂಬಿದ ಮರುದಿನ ಅದು ಎಲ್ಲಿ ಮಲಗುತ್ತದೆಂದು ನಾವು ವಿಚಾರಿಸಿದ್ದೇವೆಯೇ?

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು, 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಆರ್ಥಿಕ ನೆರವು 'ನೀಡಬಹುದು' ಎನ್ನುತ್ತದೆ, 'ನೀಡಲೇಬೇಕು' ಎನ್ನುವುದಿಲ್ಲ. ಪೋಷಕ ಕುಟುಂಬಗಳಲ್ಲಿ ಬೆಳೆದವರ ಪ್ರಸ್ತಾಪವೇ ಅದರಲ್ಲಿಲ್ಲ. 2016ರ ಮಾದರಿ ನಿಯಮಗಳು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಆಸರೆ, ವೃತ್ತಿ ತರಬೇತಿ ಹಾಗೂ ಆರರಿಂದ ಎಂಟು ಮಂದಿಗೆ ಸಾಮೂಹಿಕ ವಸತಿಯನ್ನು ಸೂಚಿಸಿವೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿದೆ. ನಗರಗಳಲ್ಲಿ ಇದು ಒಂದು ಕೋಣೆಯ ಬಾಡಿಗೆಗೂ ಸಾಲದು. ಔದಾರ್ಯವಾಗಿ ಉಳಿದಿರುವ ಈ ನೆರವು ಹಕ್ಕಾಗಬೇಕು. ಪೋಷಕ ಕುಟುಂಬದ ಮಕ್ಕಳಿಗೂ ಅದು ದಕ್ಕಬೇಕು.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಡವೇ? ಸೂರಃ ಅನ್ನಿಸಾದ 6ನೇ ವಚನವು ಅನಾಥರನ್ನು ಪ್ರಾಯಕ್ಕೆ ಬರುವ ತನಕ ಪರೀಕ್ಷಿಸುತ್ತಿರಬೇಕೆಂದೂ ಅವರಲ್ಲಿ ವಿವೇಕ ಕಂಡಾಗ ಅವರ ಸೊತ್ತನ್ನು ಸಾಕ್ಷಿಗಳ ಮುಂದೆ ಒಪ್ಪಿಸಬೇಕೆಂದೂ ಆದೇಶಿಸುತ್ತದೆ. ಇಲ್ಲಿ ಮಾನದಂಡ ಕ್ಯಾಲೆಂಡರಿನ ಒಂದು ದಿನವಲ್ಲ, 'ರುಶ್ದ್' ಅಂದರೆ ವಿವೇಕದ ಪಕ್ವತೆ. ಅದು ಕಾಣದಿದ್ದರೆ 25 ವರ್ಷದವರೆಗೂ ಸೊತ್ತನ್ನು ಕಾಪಾಡಿಡಬೇಕೆಂಬುದು ಇಮಾಮ್ ಅಬೂ ಹನೀಫಾ(ರ)ರ ಅಭಿಪ್ರಾಯ. ಸೊತ್ತಿನ ವಿಷಯದಲ್ಲೇ ಇಷ್ಟು ಎಚ್ಚರಿಕೆಯಿದ್ದರೆ, ಸೊತ್ತೇ ಇಲ್ಲದ ಮಗುವಿನ ಬದುಕಿನ ವಿಷಯದಲ್ಲಿ ಎಷ್ಟಿರಬೇಕು?

ಗಂಟೆ ಬಾರಿಸಿದರೆ ಏಳುವ, ಇನ್ನೊಮ್ಮೆ ಬಾರಿಸಿದರೆ ಉಣ್ಣುವ ಶಿಸ್ತಿನಲ್ಲಿ ಬೆಳೆದ ಹುಡುಗ ಒಮ್ಮೆಯೂ ಹಣ ಎಣಿಸಿರುವುದಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತಿರುವುದಿಲ್ಲ. ಹೆಣ್ಣು ಮಗುವಿಗಾದರೆ 18 ತುಂಬುತ್ತಲೇ ಸಿಕ್ಕಿದ ವರನೇ ಪರಿಹಾರ! ಅವಳ ಓದು, ಅವಳ ಒಪ್ಪಿಗೆ ಅನೇಕ ಬಾರಿ ಚರ್ಚೆಗೇ ಬರುವುದಿಲ್ಲ. ನಿಕಾಹ್ ಸುನ್ನತ್ ಹೌದು. ಸಂಸ್ಥೆಯ ಭಾರ ಇಳಿಸುವ ಉಪಾಯವಲ್ಲ.

ಯತೀಮ್‌ಖಾನಗಳ ಆಡಳಿತ ಸಮಿತಿಗಳು ಮಾಡಬಹುದಾದದ್ದು ಬಹಳವಿದೆ. ಎಲ್ಲಕ್ಕಿಂತ ಮೊದಲು ಕಾಯ್ದೆಯ 41ನೇ ಕಲಮಿನಂತೆ ನೋಂದಣಿಯಾಗಲಿ. ದಾಖಲೆಯಲ್ಲೇ ಇಲ್ಲದ ಮಗುವಿಗೆ ಸರಕಾರಿ ನೆರವು ದೊರೆಯುವುದು ಕಷ್ಟ. 15 ತುಂಬಿದ ಪ್ರತಿ ಮಗುವಿಗೂ ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ ಸಿದ್ಧವಾಗಲಿ. ಪೇಟೆಗೆ ಹೋಗಿ ಸಾಮಾನು ತರುವುದನ್ನು, ಅಡುಗೆ ಮಾಡುವುದನ್ನು, ಲೆಕ್ಕ ಬರೆಯುವುದನ್ನು ಕಲಿಸೋಣ. ಪ್ರತಿ ಜಮಾಅತ್ ಒಂದು ಬಾಡಿಗೆ ಮನೆಯನ್ನು ಈ ಯುವಕರಿಗಾಗಿ, ಇನ್ನೊಂದನ್ನು ಯುವತಿಯರಿಗಾಗಿ ವಹಿಸಿಕೊಳ್ಳಲಿ. ಪ್ರತಿಯೊಬ್ಬರ ಬೆನ್ನಿಗೂ ಒಂದು ಕುಟುಂಬ ನಿಲ್ಲಲಿ.

ಹೊಸ ಕಟ್ಟಡದ ಉದ್ಘಾಟನೆಗೆ ನಾವು ವೇದಿಕೆ ಕಟ್ಟುತ್ತೇವೆ. ಅಲ್ಲಿಂದ ಹೊರನಡೆದ ಮಕ್ಕಳು ಈಗ ಎಲ್ಲಿದ್ದಾರೆಂಬ ಪಟ್ಟಿ ಎಷ್ಟು ಸಂಸ್ಥೆಗಳಲ್ಲಿದೆ? ವಾರ್ಷಿಕ ವರದಿಯಲ್ಲಿ ಆ ಒಂದು ಪುಟ ಸೇರಲಿ. ನಾಳೆ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸುವಾಗ ಉಣಿಸಿದ ತುತ್ತುಗಳ ಜೊತೆಗೆ, ಬೀದಿಗೆ ಬಿಟ್ಟ ಬದುಕುಗಳ ಲೆಕ್ಕವನ್ನೂ ನಾವು ಕೊಡಬೇಕಾಗಿದೆ.