ಗೋಡೆಯ ಪೋರ್ಟಿಗೂ ಬೀಗ ಬೇಕು
2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಕಳ್ಳರು ಸುಮಾರು 94 ಕೋಟಿ ರೂಪಾಯಿ ದೋಚಿದ್ದು ಬಾಗಿಲು ಮುರಿದಲ್ಲ, ಒಳಜಾಲಕ್ಕೆ ಕುತಂತ್ರಾಂಶ ನುಗ್ಗಿಸಿ. ಆದರೂ ಎಷ್ಟೋ ಕಚೇರಿಗಳು ವೈ-ಫೈಗೆ ಪಾಸ್‌ವರ್ಡ್ ಹಾಕಿ, ಗೋಡೆಯ ಲ್ಯಾನ್ ಪೋರ್ಟನ್ನು ಹಾಗೇ ಬಿಡುತ್ತವೆ. ಕೇಬಲ್ ಚುಚ್ಚಿದವರೆಲ್ಲ ಮನೆಯವರೇ! 2001ರಲ್ಲೇ ಬಂದ 802.1ಎಕ್ಸ್ ಮಾನದಂಡವನ್ನು ಅಳವಡಿಸಿದರೆ ಹಾಗಾಗದು: ಕಂಪ್ಯೂಟರ್ ತನ್ನ ಡಿಜಿಟಲ್ ಪ್ರಮಾಣಪತ್ರ ತೋರಿಸಿ, ಸರ್ವರ್ ಒಪ್ಪಿದ ಮೇಲಷ್ಟೇ ಸ್ವಿಚ್ ದಾರಿ ಬಿಡುತ್ತದೆ.

ಹಳೆಯ ಪ್ರಿಂಟರ್‌ಗಳಿಗೆ ಇದು ಒಗ್ಗದು ಎಂಬ ಆಕ್ಷೇಪ ನಿಜ. ಅವನ್ನು ಪ್ರತ್ಯೇಕ ಜಾಲದಲ್ಲಿ ಇಡಬಹುದು. ಪ್ರಮಾಣಪತ್ರದ ಅವಧಿ ಮುಗಿದರೆ ಕೆಲಸವೇ ನಿಲ್ಲುತ್ತದೆ ಎಂಬುದೂ ನಿಜ, ಆದರೆ ಕಂಪನಿಯೇ ನಿರ್ವಹಿಸುವ ಯಂತ್ರಗಳಲ್ಲಿ ನವೀಕರಣ ತಾನಾಗಿಯೇ ನಡೆಯುವಂತೆ ಮಾಡಬಹುದು. ಕಾಸ್ಮಾಸ್ ದಾಳಿಯನ್ನು ಇದೊಂದೇ ತಡೆಯುತ್ತಿತ್ತು ಎನ್ನಲಾರೆ. ನಂಬಿದ ಯಂತ್ರದೊಳಗೇ ಹೊಕ್ಕ ಕಳ್ಳನಿಗೆ ಈ ಬೀಗ ಅಡ್ಡಿಯಾಗದು. ಪುಣೆ ಬಳಿಯ ಹಿಂಜವಡಿಯ ಐಟಿ ಕಚೇರಿಗಳು ಮೊದಲು ಹೊರಗಿನವರು ಬಂದು ಕೂರುವ ಕೋಣೆಗಳ ಪೋರ್ಟುಗಳಿಂದಲಾದರೂ ಶುರುಮಾಡಲಿ.